ಹತ್ತು ಸೆಕೆಂಡ್ ಕಾದವರಿಗೆ

ನಿನ್ನೆ ರಾತ್ರಿ ಎಂಟನೇ ಕ್ಲಾಸಿನ ಕೊನೆಯ ಗಣಿತ ಪೇಪರಿಗೆ ಅಂಕ ಹಾಕಿ ಮುಗಿಸಿದೆ. ಜೂನ್‌ನಿಂದ ಮಾರ್ಚ್‌ವರೆಗೆ ಒಂದು ಇಡೀ ವರ್ಷ ಪಾಠ ಮಾಡಿದೆ. ಮೂರು ವರ್ಷದಲ್ಲಿ ಇದು ಮೊದಲ ಸಲ. ಅದಕ್ಕೆ ಈ ಬರಹ.

ಬದಿಯಡ್ಕ ಕಡೆಯವರಿಗೆ ನನ್ನ ಕಾಯಿಲೆ ಗೊತ್ತುಂಟು. ಉಳಿದವರಿಗೆ ಹೇಳುತ್ತೇನೆ, ನನಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್, ಎಂಎಸ್. ಮೆದುಳು ಮತ್ತು ಬೆನ್ನುಹುರಿಯ ನರಗಳ ಮೇಲೆ ಮಯಲಿನ್ ಅಂತ ಒಂದು ಹೊದಿಕೆ ಇರುತ್ತದೆ, ರೋಗದ ಜೊತೆ ಹೋರಾಡಬೇಕಾದ ನಮ್ಮದೇ ರಕ್ಷಣಾ ವ್ಯವಸ್ಥೆ ಅದನ್ನು ಹಾಳು ಮಾಡುತ್ತದೆ. ಸಿಕ್ಕಿದವರೆಲ್ಲ "ಕಾಲು ಹೇಗುಂಟು ಟೀಚರ್" ಎಂದು ಕೇಳುತ್ತಾರೆ. ಕಾಲು ಚೆನ್ನಾಗಿಯೇ ಇದೆ. ನನ್ನ ಕಷ್ಟ ಇದ್ದದ್ದು ಯೋಚನೆಯಲ್ಲಿ.

ಬೋರ್ಡಿನಲ್ಲಿ ಸಮೀಕರಣ ಬರೆದು ಮಕ್ಕಳ ಕಡೆ ತಿರುಗುವಷ್ಟರಲ್ಲಿ ಮುಂದಿನ ಹೆಜ್ಜೆ ಮಾಯವಾಗುತ್ತಿತ್ತು. ಸ್ಟಾಫ್ ರೂಮಿನಲ್ಲಿ ಮಲಯಾಳ, ಕ್ಲಾಸಿನಲ್ಲಿ ಕನ್ನಡ, ಬಸ್ಸಿನಲ್ಲಿ ತುಳು, ನಾವು ಕಾಸರಗೋಡಿನವರು ಇದನ್ನೆಲ್ಲ ಯೋಚಿಸಿ ಮಾಡುವವರಲ್ಲ, ಅಲ್ವಾ? ನನಗೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಮಾತೇ ನಿಂತುಬಿಡುತ್ತಿತ್ತು. ಕರೆದರೆ ತಿರುಗಿ ನೋಡುವುದಿಲ್ಲ, ಅಹಂಕಾರ ಎಂದವರಿದ್ದಾರೆ. ಒಬ್ಬ ಡಾಕ್ಟರ್ "ಇದು ಸುಮ್ನೆ ಟೆನ್ಶನ್" ಎಂದರು. ನಾನು ಒಂದು ವರ್ಷ ಅದನ್ನೇ ನಂಬಿದೆ. ಆ ವರ್ಷದ ಬಗ್ಗೆ ಈಗಲೂ ಬೇಸರವಿದೆ. ಯಾಕೆಂದರೆ ಇದು ಹೊಸ ವಿಷಯವೇನಲ್ಲ. ಫ್ರಾನ್ಸಿನ ಶಾರ್ಕೋ ಎಂಬ ವೈದ್ಯರು ಹತ್ತೊಂಬತ್ತನೇ ಶತಮಾನದಲ್ಲಿ ಈ ಕಾಯಿಲೆಯನ್ನು ವಿವರಿಸುವಾಗಲೇ ನೆನಪು ಕುಂದುವುದನ್ನೂ ಯೋಚನೆ ನಿಧಾನವಾಗುವುದನ್ನೂ ಹೇಳಿದ್ದರು. ಎಂಎಸ್ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇಂಥ ತೊಂದರೆ ಬರುತ್ತದೆ.

ಮಂಗಳೂರಿನ ಈಗಿನ ಡಾಕ್ಟರಿಗೆ ಮೊದಲ ಧನ್ಯವಾದ. ಅವರು ಎಂಆರ್‌ಐ ನೋಡಿ ಅಲ್ಲಿಗೇ ಬಿಡಲಿಲ್ಲ, ತಲೆ ಹೇಗೆ ಕೆಲಸ ಮಾಡುತ್ತಿದೆ ಎಂದೂ ಪರೀಕ್ಷಿಸಿದರು. ಒಂಬತ್ತು ಚಿಹ್ನೆ, ಒಂದೊಂದಕ್ಕೂ ಒಂದು ಅಂಕಿ. 90 ಸೆಕೆಂಡಿನಲ್ಲಿ ಚಿಹ್ನೆ ನೋಡಿ ಎಷ್ಟು ಸಾಧ್ಯವೋ ಅಷ್ಟು ಅಂಕಿ ಹೇಳಬೇಕು. ಹದಿನೆಂಟು ವರ್ಷ ಗಣಿತ ಕಲಿಸಿದವಳು ನಾನು. 31 ಹೇಳಿದೆ. ಹೊರಗೆ ಬಂದು ಮೆಟ್ಟಿಲಿನಲ್ಲಿ ಕೂತು ಅತ್ತೆ.

ಆಮೇಲೆ ಅವರು ವಿವರಿಸಿದ ರೀತಿ ಇವತ್ತಿಗೂ ನೆನಪಿದೆ. ತಲಪಾಡಿಯಿಂದ ಈಚೆಗೆ ಹೈವೇ ಅಗೆದು ಹಾಕಿದ್ದಾಗ ಏನಾಯಿತು ನೋಡಿದ್ದೀರಲ್ಲ ಎಂದು ಕೇಳಿದರು. ಗಾಡಿಗಳೆಲ್ಲ ಒಳದಾರಿ ಹಿಡಿದವು. ಮೊದಮೊದಲು ಹೇಗೋ ಊರು ಮುಟ್ಟುತ್ತಿದ್ದೆವು, ಸ್ವಲ್ಪ ತಡವಾಗಿ. ಆಮೇಲೆ ಒಳದಾರಿಯೂ ಜಾಮ್. ಮೆದುಳಿನ ಬೇರೆ ಬೇರೆ ಭಾಗಗಳ ನಡುವಿನ ಸಂಪರ್ಕವೂ ಹೆಚ್ಚುಕಮ್ಮಿ ಹಾಗೆಯೇ. ಸಂಶೋಧನೆಗೆ ಬಳಸುವ ವಿಶೇಷ ಸ್ಕ್ಯಾನ್‌ಗಳಲ್ಲಿ ಕೆಲವರಿಗೆ ಕಾಯಿಲೆಯ ಶುರುವಿನಲ್ಲಿ ಈ ಸಂಪರ್ಕ ಮಾಮೂಲಿಗಿಂತ ಜಾಸ್ತಿಯೇ ಕಂಡಿದೆಯಂತೆ, ಹಾನಿ ಹೆಚ್ಚಾದ ಮೇಲೆ ಅದು ಕುಸಿಯುತ್ತದಂತೆ. ಆ ಜಾಸ್ತಿ ಓಡಾಟ ಮೆದುಳು ತನಗೆ ತಾನೇ ಮಾಡಿಕೊಳ್ಳುವ ಸಹಾಯವೋ ಅಥವಾ ಹಾನಿಯದೇ ಗುರುತೋ ಎಂದು ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆ. ಮೆದುಳಿನ ನಡುವಿನಲ್ಲಿರುವ ಥಲಾಮಸ್ ದೊಡ್ಡ ಜಂಕ್ಷನ್ ಇದ್ದಂತೆ. ಎಂಎಸ್‌ನಲ್ಲಿ ಬೇಗನೆ ಸೊರಗುವ ಜಾಗಗಳಲ್ಲಿ ಅದೂ ಒಂದು. ಇದನ್ನು ಕೇಳಿ ನನಗೆ ಹೆದರಿಕೆಗಿಂತ ಸಮಾಧಾನವೇ ಆಯಿತು. ನನಗೆ ಲೆಕ್ಕ ಮರೆತಿರಲಿಲ್ಲ. ಲೆಕ್ಕ ಸುತ್ತುದಾರಿಯಲ್ಲಿ ಬರುತ್ತಿತ್ತು, ಅಷ್ಟೇ.

ನಮ್ಮ ಹೆಡ್‌ಮಿಸ್‌ಗೆ ನಾನು ಈ ಹೈವೇ ಕತೆಯನ್ನೇ ಹೇಳಿದೆ. ಅವರು ಮರುದಿನವೇ ಟೈಮ್‌ಟೇಬಲ್ ತಿದ್ದಿ ನನ್ನ ಗಣಿತವನ್ನೆಲ್ಲ ಬೆಳಗ್ಗಿನ ಪೀರಿಯಡ್‌ಗಳಿಗೆ ಹಾಕಿದರು. ಹೊದಿಕೆ ಹೋದ ನರದಲ್ಲಿ ಸೆಕೆಗೆ ಸಂದೇಶ ಇನ್ನೂ ನಿಧಾನವಾಗುತ್ತದೆ, ನಮ್ಮ ಮಾರ್ಚ್ ತಿಂಗಳ ಮಧ್ಯಾಹ್ನ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎಂಎಸ್‌ನ ಹೆಸರೂ ಇದೆ. ಆದರೆ ಕಾಯ್ದೆಯ ಮಾತೆತ್ತುವ ಅಗತ್ಯವೇ ಬರದ ಹಾಗೆ ಅವರು ನಡೆದುಕೊಂಡರು.

ಇನ್ನು ಎಂಟನೇ ಬಿ. ಮಕ್ಕಳೇ, ನಿಮ್ಮ ಬಗ್ಗೆ ಬರೆಯಲು ಕೂತರೆ ಕೈ ನಿಲ್ಲುತ್ತದೆ. ಜುಲೈ ತಿಂಗಳ ಒಂದು ಮಳೆಯ ದಿನ ನಾನು ಚಾಕ್ ಹಿಡಿದು ನಿಂತೇ ಇದ್ದೆ, ಏನೂ ಬರಲಿಲ್ಲ. ನೀವು ಯಾರೂ ನಗಲಿಲ್ಲ. ಗುಸುಗುಸು ಕೂಡ ಇಲ್ಲ. ಹಂಚಿನ ಮೇಲೆ ಮಳೆಯ ಸದ್ದು ಮಾತ್ರ. ಹತ್ತು ಸೆಕೆಂಡ್ ಆಗಿರಬಹುದು, ಮುಂದಿನ ಹೆಜ್ಜೆ ತಾನಾಗಿ ಬಂತು, ಬರೆದೆ. ಆಮೇಲೆ ವರ್ಷವಿಡೀ ಹಾಗೆಯೇ ಕಾದಿರಿ. ಉತ್ತರ ಗೊತ್ತಿದ್ದ ಮುಂದಿನ ಬೆಂಚಿನವರೂ ಬಾಯಿ ಹಾಕಲಿಲ್ಲ. ನಿಮಗೆ ಇದನ್ನು ಯಾರು ಹೇಳಿಕೊಟ್ಟರೋ ನನಗೆ ಗೊತ್ತಿಲ್ಲ. ನಾನಂತೂ ಹೇಳಿಲ್ಲ.

ಅಕ್ಕ, ಬೆಳಗಿನ ರೈಲಿನಲ್ಲಿ ಪ್ರತಿ ಸಲ ನನ್ನ ಫೈಲ್ ಹಿಡಿದು ಜೊತೆಗೆ ಬಂದವಳು ನೀನು. ಡಾಕ್ಟರ್ ಹೇಳಿದ್ದನ್ನೆಲ್ಲ ಬರೆದಿಟ್ಟುಕೊಂಡದ್ದೂ ನೀನೇ. ಫೆಬ್ರವರಿಯಲ್ಲಿ ಅದೇ ಪರೀಕ್ಷೆಯಲ್ಲಿ 39 ಬಂದಾಗ ನನಗಿಂತ ಮೊದಲು ಅತ್ತದ್ದೂ ನೀನೇ. ಮದ್ದಿನಿಂದಲೋ, ಸರಿಯಾಗಿ ನಿದ್ದೆ ಮಾಡಿದ್ದರಿಂದಲೋ, ಪರೀಕ್ಷೆಯೇ ಅಭ್ಯಾಸವಾದದ್ದರಿಂದಲೋ, ಡಾಕ್ಟರ್ ಒಂದನ್ನೇ ಬೆಟ್ಟು ಮಾಡಿ ತೋರಿಸಲಿಲ್ಲ. ಮದ್ದು ನಿಲ್ಲಿಸಬೇಡಿ ಎಂದರು. ನಿಲ್ಲಿಸುವುದಿಲ್ಲ.

ಇದನ್ನು ಓದುವ ಯಾರಿಗಾದರೂ ಎಂಎಸ್ ಇದ್ದು, ಮಾತು ಸಿಗುತ್ತಿಲ್ಲ, ಲೆಕ್ಕ ತಪ್ಪುತ್ತಿದೆ ಅಂತಾದರೆ ದಯವಿಟ್ಟು ನಿಮ್ಮ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ. ಆ 90 ಸೆಕೆಂಡಿನ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ.

ಎಂಟನೇ ಬಿ-ಯವರೇ, ಒಂದು ನೀಲಿ ನೋಟ್‌ಬುಕ್ ನನ್ನ ಹತ್ತಿರ ಉಳಿದಿದೆ. ಹೆಸರು ಬರೆದಿಲ್ಲ, ಕೊನೆಯ ಪುಟದಲ್ಲಿ ಯಕ್ಷಗಾನದ ಕಿರೀಟದ ಚಿತ್ರ ಉಂಟು. ಜೂನ್‌ನಲ್ಲಿ ಒಂಬತ್ತಕ್ಕೂ ನಾನೇ ಬರುತ್ತೇನೆ, ಆಗ ತೆಗೆದುಕೊಳ್ಳಿ.