ಸಿಟಿ ರೈಲು ನಿಲ್ದಾಣದ ಚರಿತ್ರೆಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣವನ್ನು ಹೊಸದಾಗಿ ಕಟ್ಟುವ ಯೋಜನೆಯ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತಿದೆ. ಹತ್ತು ಪ್ಲಾಟ್‌ಫಾರಂಗಳಿದ್ದರೂ ಹಬ್ಬದ ದಿನಗಳಲ್ಲಿ ಕಾಲಿಡಲು ಜಾಗವಿರದ ಈ ನಿಲ್ದಾಣಕ್ಕೆ ಹೆಚ್ಚಿನ ಅನುಕೂಲಗಳು ಬೇಕೇ ಬೇಕು. ಆದರೆ ನಕ್ಷೆ ಅಂತಿಮವಾಗುವ ಮೊದಲೇ, ನಿಲ್ದಾಣದ ಚರಿತ್ರೆಯನ್ನು ಕನ್ನಡದಲ್ಲಿ ತಿಳಿಸುವ ಕಾಯಂ ಪ್ರದರ್ಶನಕ್ಕೆ, ಪ್ರಯಾಣಿಕರು ನಡೆದುಹೋಗುವ ಹಾದಿಯಲ್ಲಿಯೇ ಜಾಗ ಮೀಸಲಿಡಬೇಕೆಂದು ರೈಲ್ವೆ ಇಲಾಖೆಯನ್ನು ವಿನಂತಿಸುತ್ತೇನೆ.

ಬೆಂಗಳೂರಿಗೆ ಮೊದಲ ರೈಲು ಬಂದದ್ದು ಇಲ್ಲಿಗಲ್ಲ. 1864ರಲ್ಲಿ ಜೋಲಾರಪೇಟೆಯ ಕಡೆಯಿಂದ ಮದ್ರಾಸ್ ರೈಲ್ವೆಯ ಗಾಡಿ ಬಂದು ನಿಂತದ್ದು ದಂಡು (ಕಂಟೋನ್ಮೆಂಟ್) ಪ್ರದೇಶದಲ್ಲಿ. ಪೇಟೆಯ ಮಗ್ಗುಲಿಗೆ ಹಳಿ ಬಂದದ್ದು ಮೈಸೂರು ಮಾರ್ಗದಿಂದ, ಆ ಮಾರ್ಗ ಹುಟ್ಟಿದ್ದು ಹಸಿವಿನಿಂದ. 1876–78ರ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸೀಮೆಯ ಹಳ್ಳಿಗಳು ಬರಿದಾದಾಗ, ಜನರಿಗೆ ಕೂಲಿ ಸಿಗಲೆಂದು ಕೈಗೊಂಡ ಪರಿಹಾರ ಕಾಮಗಾರಿಗಳಲ್ಲಿ ಈ ಮಾರ್ಗದ ಮಣ್ಣಿನ ಕೆಲಸವೂ ಒಂದು. 1881ರಲ್ಲಿ ಸಂಸ್ಥಾನ ಒಡೆಯರ ಕೈಗೆ ಮರಳಿದ ಬಳಿಕ, ರಂಗಾಚಾರ್ಲು ಅವರು ದಿವಾನರಾಗಿದ್ದಾಗ, 1882ರಲ್ಲಿ ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರದ) ಹಳಿ ಮೈಸೂರನ್ನು ಮುಟ್ಟಿತು. ಇಂದು ನಾವು ಎರಡು ಗಂಟೆಯಲ್ಲಿ ದಾಟುವ ಆ ಏರಿಯ ಮೇಲೆ ಮಂಕರಿ ಹೊತ್ತವರ ಹೆಸರು ಎಲ್ಲಿಯೂ ಉಳಿದಿಲ್ಲ. ನಿಲ್ದಾಣದ ಗೋಡೆಯ ಮೇಲೆ ಮೊದಲು ಬರೆಯಬೇಕಾದದ್ದು ಅವರ ವಿಷಯವನ್ನೇ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ನಿಲ್ದಾಣದ ಸುತ್ತಲಿನ ಜಾಗಕ್ಕೂ ಅದರದೇ ಕಥೆಯಿದೆ. ಎದುರಿಗಿರುವ ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಪೇಟೆಗೆ ನೀರುಣಿಸುತ್ತಿದ್ದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ರೈಲಿಳಿದ ಬಡ ಪ್ರಯಾಣಿಕರಿಗೆ ರಾತ್ರಿ ತಲೆ ಊರಲು ನೆಲೆಯಿಲ್ಲದ್ದನ್ನು ಕಂಡು ವ್ಯಾಪಾರಿ ಗುಬ್ಬಿ ತೋಟದಪ್ಪನವರು ತಮ್ಮ ಗಳಿಕೆಯನ್ನು ಸುರಿದು ಕಟ್ಟಿಸಿದ ಛತ್ರ 1903ರಲ್ಲಿ ತೆರೆಯಿತು. ನಾನು ಹುಡುಗನಾಗಿದ್ದಾಗ ತಂದೆಯವರ ಜೊತೆ ಮಂಡ್ಯದಿಂದ ಮೀಟರ್ ಗೇಜ್ ಗಾಡಿಯಲ್ಲಿ ಬಂದಿಳಿದು, ಅವರು ಹೆಗಲ ಮೇಲಿಟ್ಟುಕೊಂಡಿದ್ದ ರಾಗಿ ಹಿಟ್ಟಿನ ಗಂಟಿನ ಹಿಂದೆಯೇ ರಸ್ತೆ ದಾಟಿ, ಆ ಛತ್ರದ ತಣ್ಣನೆಯ ಕಲ್ಲುಹಾಸಿನ ಮೇಲೆ ಮಲಗಿದ್ದೆ. ಎಂಜಿನ್ನಿನ ಕಿಡಿ ಹಾರಿ ನನ್ನ ಅಂಗಿಯ ತೋಳಿನಲ್ಲಿ ಸಣ್ಣ ತೂತಾಗಿತ್ತು. ಮರುದಿನ ಆಸ್ಪತ್ರೆಯ ಸಾಲಿನಲ್ಲಿ ನಿಂತಾಗಲೂ ತಂದೆಯವರು ಆ ತೂತನ್ನು ಬೆರಳಿನಿಂದ ಮುಚ್ಚಿಹಿಡಿಯುತ್ತಿದ್ದರು.

2016ರಿಂದ ನಿಲ್ದಾಣಕ್ಕೆ ರಾಯಣ್ಣನ ಹೆಸರಿದೆ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಆ ವೀರನ ಬದುಕು ಹೊರರಾಜ್ಯದ ಪ್ರಯಾಣಿಕರಿಗೂ ತಿಳಿಯುವಂತೆ ಚಿತ್ರಗಳ ಸಮೇತ ಇರಬೇಕು, ಹೆಸರಿನ ಫಲಕವೊಂದೇ ಸಾಲದು.

ಇದಕ್ಕೆ ದೊಡ್ಡ ಮ್ಯೂಸಿಯಂ ಬೇಕಿಲ್ಲ. ಮುಖ್ಯ ಪ್ರವೇಶದ ಒಂದು ಗೋಡೆ, ಹಳೆಯ ನಕ್ಷೆ ಹಾಗೂ ಛಾಯಾಚಿತ್ರಗಳ ಪ್ರತಿಗಳು, ನೆಲದಲ್ಲಿ ಕೂರಿಸಿದ ಮೀಟರ್ ಗೇಜ್ ಹಳಿಯ ಒಂದು ತುಂಡು ಇದ್ದರೆ ಸಾಕು. ಮಕ್ಕಳು ಅದರ ಎರಡೂ ಹಳಿಗಳ ಮೇಲೆ ಒಂದೊಂದು ಕಾಲಿಟ್ಟು ನಿಂತು ಅಂದಿನ ಹಳಿಗಳ ನಡುವಿನ ಅಂತರವನ್ನು ತಾವೇ ಅಳೆದುಕೊಳ್ಳುತ್ತಾರೆ. ರಾಜ್ಯ ಪತ್ರಾಗಾರದಲ್ಲಿರುವ ಸಂಸ್ಥಾನದ ಕಾಲದ ಕಡತಗಳನ್ನು ಈ ಕೆಲಸಕ್ಕೆ ಬಳಸಿಕೊಳ್ಳಬಹುದು. ಮೀಟರ್ ಗೇಜ್ ಕಾಲದಲ್ಲಿ ದುಡಿದ ಡ್ರೈವರ್, ಗಾರ್ಡ್, ಹಳಿ ಬದಲಿಸುವ ಪಾಯಿಂಟ್ಸ್‌ಮನ್‌ಗಳಲ್ಲಿ ಹಲವರು ಇನ್ನೂ ನಮ್ಮೊಡನಿದ್ದಾರೆ, ಎಲ್ಲರಿಗೂ ವಯಸ್ಸಾಗಿದೆ. ಗುತ್ತಿಗೆದಾರರನ್ನು ಕರೆಯುವುದಕ್ಕೆ ಮೊದಲು ಅವರನ್ನು ಕರೆಸಿ, ಅವರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳಬೇಕೆಂದು ಕೋರುತ್ತೇನೆ.

– ಒಬ್ಬ ನಿವೃತ್ತ ಶಿಕ್ಷಕ, ಬೆಂಗಳೂರು