ಸೋಬಾನೆ ಅಂತ ಬರೆಯುವ ಮೊದಲು

ಪ್ರೀತಿಯ ತಂಗಿ,

ನಿನ್ನ ಕಥೆಯನ್ನು ಎರಡು ಸಲ ಓದಿದೆ. ಮದುವೆ ಮನೆಯ ಭಾಗದಲ್ಲಿ ‘ಹೆಂಗಸರು ಸೋಬಾನೆ ಹಾಡುತ್ತಿದ್ದರು’ ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೀಯ. ನಾನು ಅಲ್ಲೇ ನಿಂತುಬಿಟ್ಟೆ.

ಸೋಬಾನೆ ಅಂದರೆ ಖುಷಿಯ ಹಾಡು ಅಂತ ಎಲ್ಲರಿಗೂ ಗೊತ್ತು. ಪದದ ಮೂಲದಲ್ಲಿ ಮಾತ್ರ ಹಾಡು ಅನ್ನುವ ಅರ್ಥವೇ ಇಲ್ಲ. ಅದು ಸಂಸ್ಕೃತದ ಶೋಭನ. ಶುಭ, ಮಂಗಳ ಅಂತ ಅರ್ಥ. ನಮ್ಮವರ ಬಾಯಲ್ಲಿ ಶಕಾರ ಸಕಾರವಾಯಿತು, ಭಕಾರ ಬಕಾರವಾಯಿತು. ಒಳ್ಳೆಯದಾಗಲಿ ಅನ್ನುವ ಹಾರೈಕೆಯೇ ಹಾಡಿನ ಹೆಸರಾಯಿತು. 16ನೇ ಶತಮಾನದ ಹರಿದಾಸ ವಾದಿರಾಜರ ‘ಲಕ್ಷ್ಮೀ ಶೋಭಾನೆ’ಯನ್ನು ಮಾಧ್ವರ ಮದುವೆಗಳಲ್ಲಿ ಇವತ್ತಿಗೂ ಹಾಡುತ್ತಾರೆ. ಹಳ್ಳಿಯ ಸೋಬಾನೆ ಪದಗಳಿಗೆ ಕಟ್ಟಿದವರ ಹೆಸರಿಲ್ಲ.

ಅದು ಮದುವೆಗಷ್ಟೇ ಅಲ್ಲ. ಹುಡುಗಿ ಮೈನೆರೆದಾಗ ಒಸಗೆಯಲ್ಲಿ ಹಾಡುತ್ತಾರೆ, ಬಸುರಿಗೆ ಮಡಿಲು ತುಂಬುವಾಗಲೂ ಹಾಡುತ್ತಾರೆ. ಮದುವೆಯಲ್ಲಿ ಅರಿಸಿನ ಹಚ್ಚುವಾಗ ಒಂದು ಪದ, ಹಸೆಗೆ ಕರೆಯುವಾಗ ಇನ್ನೊಂದು. ಬೀಗರನ್ನು ಛೇಡಿಸುವ ಪದ ಬಂದರೆ ಚಪ್ಪರದ ತುಂಬ ನಗು. ಹೆಣ್ಣು ಒಪ್ಪಿಸುವಾಗ ಹಾಡುವವರ ಗಂಟಲೇ ಕಟ್ಟುತ್ತದೆ. ಅದೂ ಸೋಬಾನೆಯೇ. ನಿನ್ನ ಕಥೆಯಲ್ಲಿ ಕೇಳಿದ್ದು ಯಾವ ಹೊತ್ತಿನದು?

ಹಾಡುತ್ತಿದ್ದವರು ಯಾರು? ಒಬ್ಬಳು ಸಾಲು ಎತ್ತಿಕೊಡುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ನಮ್ಮೂರಲ್ಲಿ ಒಬ್ಬ ಅಜ್ಜಿ ಇದ್ದರು. ಅವರಿಗೆ ಬಾರದ ಪದವಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಹಸೆಯ ಹತ್ತಿರ ಬರುವ ಹಾಗಿರಲಿಲ್ಲ. ಶುಭಕ್ಕೆ ಮುತ್ತೈದೆಯರೇ ಆಗಬೇಕಲ್ಲ. ಅಡುಗೆಮನೆ ಬಾಗಿಲಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದರು. ಹಜಾರದಲ್ಲಿ ಯಾರಾದರೂ ಸಾಲು ಮರೆತರೆ ಒಳಗಿನಿಂದ ಮೆಲ್ಲಗೆ ಮುಂದಿನ ಸಾಲು ಬರುತ್ತಿತ್ತು. ಯಾರೂ ತಿರುಗಿ ನೋಡುತ್ತಿರಲಿಲ್ಲ, ಹಾಡು ಮುಂದುವರಿಯುತ್ತಿತ್ತು. ಆಗ ನಾನು ಚಿಕ್ಕವಳು, ನನಗೇನೂ ಅನ್ನಿಸಿರಲಿಲ್ಲ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ, ಈ ಪದವನ್ನು ಸುಮ್ನೆ ತೋರಣದ ಹಾಗೆ ಕಟ್ಟಬೇಡ. ನಿನ್ನ ಅಜ್ಜಿ ಊರಲ್ಲೇ ಇದ್ದಾರೆ ಅಲ್ವಾ? ಹೋಗಿ ಪಕ್ಕದಲ್ಲಿ ಕೂತ್ಕೋ. ಹಾಡು ಬರೆದುಕೊಳ್ಳುವುದು ಆಮೇಲೆ. ಯಾರ ಮದುವೆಯಲ್ಲಿ ಹಾಡಿದ್ದು, ಸೊಲ್ಲು ಹಿಡಿದವರು ಯಾರು, ಯಾರನ್ನು ದೂರ ಕೂರಿಸಿದ್ದರು ಅಂತ ಮೊದಲು ಕೇಳು. ಆಮೇಲೆ ಆ ಭಾಗವನ್ನು ಮತ್ತೆ ಬರೆದು ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಕ್ಕ