ಪೋಷಕರಿಗೆ ಪತ್ರ: 8ನೇ ತರಗತಿಯ ಹಾರ್ಮೋನುಗಳ ಪಾಠದ ಕುರಿತು

ಮಾನ್ಯ ಪೋಷಕರೇ,

8ನೇ ತರಗತಿಯ ವಿಜ್ಞಾನದಲ್ಲಿ ಹರೆಯದ ಬದಲಾವಣೆಗಳ ಪಾಠವನ್ನು ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ ಮಾಡಿದ್ದೇಕೆಂದು ತಮ್ಮಲ್ಲಿ ಕೆಲವರು ಕಳೆದ ವಾರ ಶಾಲೆಗೆ ಬಂದು ಕೇಳಿದ್ದೀರಿ. ಇಬ್ಬರು ಮಕ್ಕಳು ಅಂದಿನಿಂದ ತರಗತಿಗೆ ಬಂದಿಲ್ಲ. ತಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ. ನಾನೂ ಹೆಣ್ಣುಮಗಳ ತಂದೆ.

ಪಾಠದಲ್ಲಿರುವುದು ನಿರ್ನಾಳ ಗ್ರಂಥಿಗಳ ವಿಷಯ. ಜೊಲ್ಲಿನ ಗ್ರಂಥಿಯ ರಸ ನಾಳದ ಮೂಲಕ ಬಾಯಿಗೆ ಬರುತ್ತದೆ. ನಿರ್ನಾಳ ಗ್ರಂಥಿಗಳಾದರೋ ಹಾರ್ಮೋನುಗಳೆಂಬ ರಾಸಾಯನಿಕ ಸಂದೇಶಗಳನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ, ಆ ರಕ್ತ ಮೈಯೆಲ್ಲ ಸುತ್ತಿದರೂ ಆಯಾ ಹಾರ್ಮೋನನ್ನು ಗುರುತಿಸಬಲ್ಲ ಜೀವಕೋಶಗಳಷ್ಟೇ ಅದಕ್ಕೆ ಓಗೊಡುತ್ತವೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ರಕ್ತಪರೀಕ್ಷೆಯ ವರದಿಯಲ್ಲಿ ಟಿಎಸ್‌ಎಚ್ ಎಂಬುದನ್ನು ನೋಡಿರುತ್ತೀರಿ. ಅದು ಥೈರಾಯ್ಡಿನದಲ್ಲ, ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡಿಗೆ ಕಳಿಸುವ ತಾಕೀತು. ಥೈರಾಯ್ಡ್ ಸೋತರೆ ತಾಕೀತು ಏರುತ್ತದೆ, ಅತಿಯಾದರೆ ಇಳಿಯುತ್ತದೆ. ಹರೆಯದಲ್ಲಿ ಅಂಡಾಶಯವನ್ನೂ ವೃಷಣವನ್ನೂ ಎಬ್ಬಿಸುವುದು ಅದೇ ಪಿಟ್ಯುಟರಿ. ಅಜ್ಜಿಯ ಇನ್ಸುಲಿನ್ ಬಗ್ಗೆ ಪಡಸಾಲೆಯಲ್ಲಿ ಕುಳಿತು ಮಾತನಾಡುವ ನಾವು, ಅದರಂತೆಯೇ ಹಾರ್ಮೋನಾದ, ಅಂಡಾಶಯದ ಈಸ್ಟ್ರೋಜನ್ ಎಂದೊಡನೆ ದನಿ ತಗ್ಗಿಸುತ್ತೇವೆ, ಅಷ್ಟೇ.

ಒಟ್ಟಿಗೆ ಕೂರಿಸಿದ್ದಕ್ಕೆ ಕಾರಣವಿದೆ. ಪ್ರಾರ್ಥನೆಯ ವೇಳೆ ದಿನಪತ್ರಿಕೆಯ ಸುದ್ದಿ ಓದುತ್ತಿದ್ದ ಹುಡುಗನೊಬ್ಬ, ದನಿ ಒಡೆದು ಎಲ್ಲರೂ ನಕ್ಕ ಮೇಲೆ, ಮುಂದೆ ಬಂದು ನಿಲ್ಲುವುದನ್ನೇ ಬಿಟ್ಟಿದ್ದ. ವೃಷಣದ ಹಾರ್ಮೋನಾದ ಟೆಸ್ಟೋಸ್ಟಿರೋನಿನಿಂದ ಧ್ವನಿಪೆಟ್ಟಿಗೆ ಹಿಗ್ಗಿ, ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆಂದು ಶಿಕ್ಷಕಿ ವಿವರಿಸಿದ ಮರುದಿನ ಆತ ಮತ್ತೆ ಓದಿದ; ಎರಡು ಕಡೆ ದನಿ ಕೀರಲಾಯಿತು, ಯಾರೂ ನಗಲಿಲ್ಲ. ಮೊದಲು ನಕ್ಕವರಲ್ಲಿ ಹುಡುಗಿಯರೂ ಇದ್ದರು. ಕಳೆದ ವರ್ಷ ಹುಡುಗಿಯೊಬ್ಬಳ ಲಂಗದ ಮೇಲಿನ ಕಲೆ ಕಂಡು ಕಿಸಕ್ಕೆಂದವರು ಹುಡುಗರು. ನಗುವವರನ್ನು ಹೊರಗೆ ಕಳಿಸಿ ಪಾಠ ಮಾಡಿದರೆ ಅದು ಯಾರಿಗಾಗಿ ಮಾಡಿದ ಪಾಠ?

ಹಾಗೆಂದು ತಮ್ಮ ಮಾತನ್ನು ನಾನು ತಳ್ಳಿಹಾಕಿಲ್ಲ. ಮುಟ್ಟಿನ ದಿನಗಳ ಶುಚಿತ್ವ, ಪ್ಯಾಡ್ ಬಳಕೆ ಮುಂತಾದವನ್ನು ಶಿಕ್ಷಕಿಯರು ಹುಡುಗಿಯರಿಗೆ ಬೇರೆಯಾಗಿಯೇ ತಿಳಿಸುವರು. ಹುಡುಗರು ತಮ್ಮ ಪ್ರಶ್ನೆಗಳನ್ನು ದೈಹಿಕ ಶಿಕ್ಷಕರಲ್ಲಿ ಕೇಳಬಹುದು. ಪಠ್ಯಪುಸ್ತಕದ ಪಾಠ ಮಾತ್ರ ಒಟ್ಟಿಗೇ ನಡೆಯುತ್ತದೆ. ಪುಸ್ತಕದಲ್ಲಿ ಇಲ್ಲದ್ದನ್ನು ಏನನ್ನೂ ಹೇಳಿಲ್ಲ, ಹೇಳುವುದೂ ಇಲ್ಲ. ಅನುಮಾನವಿದ್ದವರು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಬಹುದು, ನಮಗೆ ಸಂತೋಷವೇ.

ಪಾಠದ ಉಳಿದ ಭಾಗ ಶನಿವಾರ ಮೊದಲ ಅವಧಿಯಲ್ಲಿದೆ. ಮಕ್ಕಳನ್ನು ತಪ್ಪದೆ ಕಳುಹಿಸಿಕೊಡಿ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು